ಡಿಬಿಕಾಂಟೆಕ್ಸ್ಟ್ ಬಳಸುವ ಕಂಟ್ರೋಲರ್‌ಗೆ ಯೂನಿಟ್ ಟೆಸ್ಟ್ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಿಮ್ಮ ಕಂಟ್ರೋಲರ್‌ನ ಪೋಸ್ಟ್ ಆಕ್ಷನ್‌ನಲ್ಲಿ ಸೇವ್‌ಚೇಂಜಸ್‌ಅಸಿಂಕ್ ಇರುವ ಸಾಲನ್ನು ಅಳಿಸಿ ಟೆಸ್ಟ್ ಓಡಿಸಿ ನೋಡಿ. ಈಗ ಡೇಟಾಬೇಸ್‌ಗೆ ಏನೂ ಹೋಗುವುದಿಲ್ಲ. ಆದರೂ ಟೆಸ್ಟ್ ಪಾಸಾದರೆ ಅದು ಇದ್ದೂ ಇಲ್ಲದಂತೆ. ಡಿಬಿಕಾಂಟೆಕ್ಸ್ಟ್ (ಕೋಡ್ ಮತ್ತು ಡೇಟಾಬೇಸ್ ನಡುವೆ ನಿಲ್ಲುವ ಇಎಫ್ ಕೋರ್ ಕ್ಲಾಸ್; ಮುಂದೆ ಬರೀ ಕಾಂಟೆಕ್ಸ್ಟ್) ಬಳಸುವ ಕಂಟ್ರೋಲರ್‌ಗಳ ಟೆಸ್ಟ್‌ಗಳಲ್ಲಿ ಇದು ತುಂಬಾ ಸಾಮಾನ್ಯ. ಕಾರಣವೂ ಬಹುಪಾಲು ಒಂದೇ: ಡೇಟಾ ತುಂಬಿದ ಕಾಂಟೆಕ್ಸ್ಟನ್ನೇ ಕಂಟ್ರೋಲರ್‌ಗೂ ಕೊಟ್ಟು, ಕೊನೆಗೆ ಫಲಿತಾಂಶ ಪರಿಶೀಲಿಸುವುದಕ್ಕೂ ಅದನ್ನೇ ಬಳಸುವುದು.

ಇಲ್ಲಿರುವ ಕ್ರಮ ಎಎಸ್‌ಪಿ ಡಾಟ್‌ನೆಟ್ ಕೋರ್ (ವೆಬ್ ಫ್ರೇಮ್‌ವರ್ಕ್), ಇಎಫ್ ಕೋರ್ (ಡೇಟಾಬೇಸ್ ಲೈಬ್ರರಿ) ಮತ್ತು ಎಕ್ಸ್‌ಯೂನಿಟ್ (ಟೆಸ್ಟ್ ಲೈಬ್ರರಿ) ಬಳಸುವವರಿಗೆ. ಉದಾಹರಣೆಗೆ ಪುಸ್ತಕಗಳ ಒಂದು ಎಪಿಐ ಇಟ್ಟುಕೊಳ್ಳೋಣ. ಪುಸ್ತಕಕ್ಕೆ ಐಡಿ, ಶೀರ್ಷಿಕೆ, ಐಎಸ್‌ಬಿಎನ್ ಮತ್ತು ಲೇಖಕರ ಐಡಿ ಇವೆ; ಐಎಸ್‌ಬಿಎನ್ ಮೇಲೆ ಯೂನಿಕ್ ಇಂಡೆಕ್ಸ್ ಇದೆ; ಲೇಖಕರ ಟೇಬಲ್‌ಗೆ ಫಾರಿನ್ ಕೀ ಇದೆ. ಬುಕ್ಸ್‌ಕಂಟ್ರೋಲರ್‌ನಲ್ಲಿ ಗೆಟ್, ಪೋಸ್ಟ್, ಪುಟ್, ಡಿಲೀಟ್ ಆಕ್ಷನ್‌ಗಳಿವೆ.

ಮೊದಲು ಕಂಟ್ರೋಲರ್ ಮತ್ತು ಕಾಂಟೆಕ್ಸ್ಟ್ ಸಿದ್ಧಪಡಿಸಿ

ಆಕ್ಷನ್ ಒಳಗೇ ನ್ಯೂ ಹಾಕಿ ಕಾಂಟೆಕ್ಸ್ಟ್ ಸೃಷ್ಟಿಸುವ ಕಂಟ್ರೋಲರ್‌ಗೆ ಬೇರೆ ಡೇಟಾಬೇಸ್ ಕೊಡಲು ದಾರಿಯೇ ಇಲ್ಲ. ಕಾಂಟೆಕ್ಸ್ಟ್ ಕನ್‌ಸ್ಟ್ರಕ್ಟರ್ ಮೂಲಕ ಬರಬೇಕು. ಕಾಂಟೆಕ್ಸ್ಟ್ ಕ್ಲಾಸಿನ ಕನ್‌ಸ್ಟ್ರಕ್ಟರ್ ಕೂಡ ಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್ ತೆಗೆದುಕೊಂಡು ಅದನ್ನು ಬೇಸ್ ಕ್ಲಾಸಿಗೆ ದಾಟಿಸಬೇಕು.

ಇದರ ಜೊತೆಗೆ ಆನ್‌ಕಾನ್ಫಿಗರಿಂಗ್ ಮೆಥಡ್ ತೆರೆದು ನೋಡಿ. ಮೊದಲೇ ಇದ್ದ ಡೇಟಾಬೇಸ್‌ನಿಂದ ಸ್ಕ್ಯಾಫೋಲ್ಡ್ ಮಾಡಿದ, ಅಂದರೆ ಉಪಕರಣವೇ ಬರೆದುಕೊಟ್ಟ, ಕಾಂಟೆಕ್ಸ್ಟ್ ಆದರೆ ಯೂಸ್‌ಎಸ್‌ಕ್ಯೂಎಲ್‌ಸರ್ವರ್ ಕರೆ ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಟೆಸ್ಟ್‌ನಿಂದ ನೀವು ಎಸ್‌ಕ್ಯೂಲೈಟ್ ಆಪ್ಷನ್ಸ್ ಕೊಟ್ಟಾಗ ಒಂದೇ ಕಾಂಟೆಕ್ಸ್ಟ್‌ಗೆ ಎರಡು ಪ್ರೊವೈಡರ್ (ಆಯಾ ಡೇಟಾಬೇಸ್‌ಗೆ ಇಎಫ್ ಕೋರ್‌ನ ಜೋಡಣೆ) ಸೇರಿ ಇನ್‌ವ್ಯಾಲಿಡ್‌ಆಪರೇಷನ್‌ಎಕ್ಸೆಪ್ಶನ್ ಬರುತ್ತದೆ. ಆ ಸಾಲನ್ನು ಪ್ರೋಗ್ರಾಮ್ ಫೈಲಿನ ಆಡ್‌ಡಿಬಿಕಾಂಟೆಕ್ಸ್ಟ್ ಒಳಗೆ ಸಾಗಿಸಿ. ಸಾಗಿಸಲಾಗದಿದ್ದರೆ, ಈಸ್‌ಕಾನ್ಫಿಗರ್ಡ್ ಫಾಲ್ಸ್ ಇದ್ದಾಗ ಮಾತ್ರ ಅದು ಓಡುವಂತೆ ಇಫ್ ಸೇರಿಸಿ.

ಯಾವ ಡೇಟಾಬೇಸ್ ಮೇಲೆ ಟೆಸ್ಟ್ ಓಡಿಸಬೇಕು

ನಕಲಿ ಆಬ್ಜೆಕ್ಟ್ ಕಟ್ಟಿಕೊಡುವ ಮಾಕಿಂಗ್ ಲೈಬ್ರರಿಯಿಂದ ನಕಲಿ ಡಿಬಿಸೆಟ್ (ಕಾಂಟೆಕ್ಸ್ಟ್‌ನಲ್ಲಿ ಒಂದು ಟೇಬಲ್‌ನ ಪ್ರತಿನಿಧಿ) ಕಟ್ಟುವುದು ಹಲವರಿಗೆ ಮೊದಲು ಹೊಳೆಯುವ ದಾರಿ. ಅದನ್ನು ಹಿಡಿಯಬೇಡಿ. ಇನ್‌ಕ್ಲೂಡ್ (ಸಂಬಂಧಿಸಿದ ಡೇಟಾವನ್ನೂ ಜೊತೆಗೆ ತರುವುದು), ಟುಲಿಸ್ಟ್‌ಅಸಿಂಕ್, ಫಸ್ಟ್‌ಆರ್‌ಡೀಫಾಲ್ಟ್‌ಅಸಿಂಕ್ ಎಲ್ಲವೂ ಎಕ್ಸ್‌ಟೆನ್ಶನ್ ಮೆಥಡ್‌ಗಳು, ಅಂದರೆ ಸ್ಟ್ಯಾಟಿಕ್ ಮೆಥಡ್‌ಗಳು. ಸಾಮಾನ್ಯ ಮಾಕಿಂಗ್ ಲೈಬ್ರರಿಗಳಿಗೆ ಅವನ್ನು ಬದಲಿಸಲು ಬರುವುದಿಲ್ಲ. ಒಂದು ಲಿಸ್ಟನ್ನು ಆಸ್‌ಕ್ವೆರಿಯಬಲ್ ಮಾಡಿ ಕೊಟ್ಟರೆ ಟುಲಿಸ್ಟ್‌ಅಸಿಂಕ್ ಕರೆದ ಕೂಡಲೇ, ಈ ಮೂಲದಲ್ಲಿ ಐಅಸಿಂಕ್‌ಎನ್ಯೂಮರಬಲ್ ಇಲ್ಲ ಎಂಬ ದೋಷ ಬರುತ್ತದೆ. ಅದನ್ನು ದಾಟಲು ಅಸಿಂಕ್ ಕ್ವೆರಿ ಪ್ರೊವೈಡರ್ ಒಂದನ್ನು ಬರೆಯಬೇಕು ಅಥವಾ ಎಲ್ಲಿಂದಾದರೂ ತರಬೇಕು. ಇಷ್ಟು ಶ್ರಮಪಟ್ಟ ಮೇಲೂ ಓಡುವುದು ಮೆಮೊರಿಯಲ್ಲಿರುವ ಲಿಸ್ಟ್ ಮೇಲಿನ ಲಿಂಕ್ (ಡಾಟ್‌ನೆಟ್‌ನ ಕ್ವೆರಿ ಬರೆಯುವ ರೀತಿ) ಮಾತ್ರ. ಎಸ್‌ಕ್ಯೂಎಲ್‌ಗೆ ಅನುವಾದವಾಗದ ಕ್ವೆರಿ ಕೂಡ ಅಲ್ಲಿ ಸಲೀಸಾಗಿ ಓಡುತ್ತದೆ, ಪ್ರೊಡಕ್ಷನ್‌ನಲ್ಲಿ ಬೀಳುತ್ತದೆ.

ಎರಡನೆಯದು ಇಎಫ್ ಕೋರ್‌ನ ಇನ್‌ಮೆಮೊರಿ ಪ್ರೊವೈಡರ್. ಯೂಸ್‌ಇನ್‌ಮೆಮೊರಿಡೇಟಾಬೇಸ್ ಎಂದು ಒಂದು ಸಾಲು ಬರೆದರೆ ಕೆಲಸ ಶುರು. ಆದರೆ ಅದು ರಿಲೇಷನಲ್ ಅಲ್ಲ. ಒಂದೇ ಐಎಸ್‌ಬಿಎನ್ ಇರುವ ಎರಡು ಪುಸ್ತಕ ಕೊಟ್ಟರೂ ತೆಗೆದುಕೊಳ್ಳುತ್ತದೆ. ಇಲ್ಲದ ಲೇಖಕರ ಐಡಿ ಕೊಟ್ಟರೂ ತೆಗೆದುಕೊಳ್ಳುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡಿದರೆ ತಾನು ಅದನ್ನು ಬೆಂಬಲಿಸುವುದಿಲ್ಲವೆಂದು ಎಕ್ಸೆಪ್ಶನ್ ಎಸೆಯುತ್ತದೆ. ಫ್ರಮ್‌ಎಸ್‌ಕ್ಯೂಎಲ್‌ರಾ, ಎಕ್ಸಿಕ್ಯೂಟ್‌ಅಪ್‌ಡೇಟ್, ಎಕ್ಸಿಕ್ಯೂಟ್‌ಡಿಲೀಟ್ ಅದರಲ್ಲಿ ನಡೆಯುವುದಿಲ್ಲ. ಟೆಸ್ಟ್‌ಗಳಿಗೆ ಇದನ್ನು ಬಳಸದಿರುವುದೇ ಒಳ್ಳೆಯದೆಂದು ಮೈಕ್ರೋಸಾಫ್ಟ್‌ನ ದಾಖಲೆಗಳೂ ಹೇಳುತ್ತವೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಇನ್‌ಮೆಮೊರಿ ಟೆಸ್ಟ್‌ಗಳಿದ್ದರೆ ಕನಿಷ್ಠ ಪ್ರತಿ ಟೆಸ್ಟ್‌ಗೂ ಬೇರೆ ಹೆಸರು ಕೊಡಿ, ಗುಯಿಡ್ (ಪ್ರತಿ ಸಲ ಬೇರೆಯಾಗಿ ಹುಟ್ಟುವ ಗುರುತು) ಆದರೆ ಸಾಕು. ಒಂದೇ ಹೆಸರಿನ ಡೇಟಾಬೇಸ್ ಇಡೀ ಪ್ರೊಸೆಸ್‌ಗೆ ಹಂಚಿಕೆಯಾಗಿ ಒಂದು ಟೆಸ್ಟ್ ತುಂಬಿದ ಡೇಟಾ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಒಂಟಿಯಾಗಿ ಓಡಿಸಿದರೆ ಪಾಸು, ಎಲ್ಲ ಒಟ್ಟಿಗೆ ಓಡಿಸಿದರೆ ಫೇಲು ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ನಮ್ಮ ಆಯ್ಕೆ ಮೂರನೆಯದು: ಮೆಮೊರಿಯಲ್ಲೇ ಓಡುವ ಎಸ್‌ಕ್ಯೂಲೈಟ್. ನಿಜವಾದ ಎಸ್‌ಕ್ಯೂಎಲ್, ಯೂನಿಕ್ ಇಂಡೆಕ್ಸ್, ಫಾರಿನ್ ಕೀ, ಟ್ರಾನ್ಸಾಕ್ಷನ್ ಎಲ್ಲ ಇವೆ. ಸರ್ವರ್ ಬೇಡ, ಫೈಲ್ ಬೇಡ, ಪ್ರತಿ ಟೆಸ್ಟ್‌ಗೂ ಹೊಸ ಡೇಟಾಬೇಸ್ ಕಟ್ಟುವಷ್ಟು ವೇಗವೂ ಇದೆ.

ಕಂಟ್ರೋಲರ್ ಮತ್ತು ಕಾಂಟೆಕ್ಸ್ಟ್ ನಡುವೆ ನಿಮ್ಮಲ್ಲಿ ಈಗಾಗಲೇ ರೆಪೊಸಿಟರಿ (ಡೇಟಾಬೇಸ್ ಕೆಲಸವನ್ನೆಲ್ಲ ತನ್ನೊಳಗಿಟ್ಟುಕೊಂಡ ಕ್ಲಾಸ್) ಇಂಟರ್‌ಫೇಸ್ ಇದ್ದರೆ ಅದನ್ನು ಮಾಕ್ ಮಾಡಿ ಕಂಟ್ರೋಲರ್ ಪರೀಕ್ಷಿಸಿ; ಕ್ವೆರಿಗಳೆಲ್ಲ ರೆಪೊಸಿಟರಿಯಲ್ಲಿರುವುದರಿಂದ ಮುಂದೆ ಹೇಳುವ ಎಸ್‌ಕ್ಯೂಲೈಟ್ ಕ್ರಮವನ್ನು ಆ ಕ್ಲಾಸಿಗೆ ಅನ್ವಯಿಸಿ. ಟೆಸ್ಟ್ ಬರೆಯಬೇಕೆಂಬ ಒಂದೇ ಕಾರಣಕ್ಕೆ ಹೊಸದಾಗಿ ರೆಪೊಸಿಟರಿ ಪದರ ಕಟ್ಟುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಟೆಸ್ಟ್ ಪ್ರಾಜೆಕ್ಟ್

ಎಕ್ಸ್‌ಯೂನಿಟ್ ಟೆಂಪ್ಲೇಟ್‌ನಿಂದ ಹೊಸ ಪ್ರಾಜೆಕ್ಟ್ ಸೃಷ್ಟಿಸಿ, ವೆಬ್ ಪ್ರಾಜೆಕ್ಟ್‌ಗೆ ರೆಫರೆನ್ಸ್ ಕೊಡಿ, ಇಎಫ್ ಕೋರ್‌ನ ಎಸ್‌ಕ್ಯೂಲೈಟ್ ಪ್ಯಾಕೇಜ್ ಸೇರಿಸಿ. ಈ ಪ್ಯಾಕೇಜಿನ ಮುಖ್ಯ ಆವೃತ್ತಿ ವೆಬ್ ಪ್ರಾಜೆಕ್ಟ್‌ನ ಇಎಫ್ ಕೋರ್ ಆವೃತ್ತಿಯೇ ಆಗಿರಲಿ. ಅಲ್ಲಿ 8, ಇಲ್ಲಿ 9 ಆದರೆ ಓಡುವಾಗ ಮೆಥಡ್ ಸಿಗಲಿಲ್ಲ ಎಂಬಂಥ, ಮೂಲ ಹುಡುಕಲು ಕಷ್ಟವಾದ ದೋಷಗಳು ಬರುತ್ತವೆ.

ಬೇಸ್ ಕ್ಲಾಸ್

ಎಲ್ಲ ಕಂಟ್ರೋಲರ್ ಟೆಸ್ಟ್‌ಗಳಿಗೂ ಒಂದು ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್ ಬರೆದು, ಅದು ಐಡಿಸ್ಪೋಸಬಲ್ ಪಾಲಿಸುವಂತೆ ಮಾಡಿ. ಒಳಗೆ ಇಷ್ಟು ಇರಬೇಕು:

1. ಕನ್‌ಸ್ಟ್ರಕ್ಟರ್‌ನಲ್ಲಿ ಎಸ್‌ಕ್ಯೂಲೈಟ್‌ಕನೆಕ್ಷನ್ ಸೃಷ್ಟಿಸಿ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಡೇಟಾ ಸೋರ್ಸ್‌ನ ಮೌಲ್ಯ ಮೆಮೊರಿ ಎಂಬ ಪದ, ಅದರ ಎರಡೂ ಬದಿಗೆ ಒಂದೊಂದು ಕೋಲನ್.
2. ಓಪನ್ ಕರೆಯಿರಿ. ಮೆಮೊರಿ ಡೇಟಾಬೇಸ್ ಬದುಕಿರುವುದು ಕನೆಕ್ಷನ್ ತೆರೆದಿರುವವರೆಗೆ ಮಾತ್ರ.
3. ಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್‌ಬಿಲ್ಡರ್‌ನಲ್ಲಿ ಯೂಸ್‌ಎಸ್‌ಕ್ಯೂಲೈಟ್‌ಗೆ ಈ ಕನೆಕ್ಷನ್ ಆಬ್ಜೆಕ್ಟನ್ನೇ ಕೊಡಿ, ಸ್ಟ್ರಿಂಗ್ ಅಲ್ಲ. ಸಿಕ್ಕ ಆಪ್ಷನ್ಸನ್ನು ಒಂದು ಫೀಲ್ಡ್‌ನಲ್ಲಿ ಇಟ್ಟುಕೊಳ್ಳಿ.
4. ಒಂದು ತಾತ್ಕಾಲಿಕ ಕಾಂಟೆಕ್ಸ್ಟ್ ತೆರೆದು ಡೇಟಾಬೇಸ್‌ನ ಎನ್‌ಶೂರ್‌ಕ್ರಿಯೇಟೆಡ್ ಕರೆದು ಮುಚ್ಚಿ. ಟೇಬಲ್‌ಗಳು ಸಿದ್ಧವಾಗುತ್ತವೆ, ಹ್ಯಾಸ್‌ಡೇಟಾದಲ್ಲಿ ಬರೆದ ಆರಂಭಿಕ ಸಾಲುಗಳೂ ಸೇರುತ್ತವೆ.
5. ಅದೇ ಆಪ್ಷನ್ಸ್‌ನಿಂದ ಪ್ರತಿ ಸಲ ಹೊಸ ಕಾಂಟೆಕ್ಸ್ಟ್ ಕೊಡುವ ಕ್ರಿಯೇಟ್‌ಕಾಂಟೆಕ್ಸ್ಟ್ ಎಂಬ ಚಿಕ್ಕ ಮೆಥಡ್ ಬರೆಯಿರಿ.
6. ಡಿಸ್ಪೋಸ್‌ನಲ್ಲಿ ಕನೆಕ್ಷನ್ ಮುಚ್ಚಿ.

ಮೂರನೇ ಹಂತದಲ್ಲಿ ಎಡವುವವರು ಬಹಳ. ಸ್ಟ್ರಿಂಗ್ ಕೊಟ್ಟರೆ ಇಎಫ್ ಕೋರ್ ತನಗೆ ಬೇಕಾದಾಗ ಕನೆಕ್ಷನ್ ತೆರೆದು ಮುಚ್ಚುತ್ತದೆ; ಮುಚ್ಚಿದೊಡನೆ ಡೇಟಾಬೇಸ್ ಮಾಯ. ಮುಂದಿನ ಕ್ವೆರಿಗೆ ಅಂಥ ಟೇಬಲ್ ಇಲ್ಲ ಎಂಬ ಉತ್ತರ ಸಿಗುತ್ತದೆ. ನೀವೇ ತೆರೆದು ಕೊಟ್ಟ ಕನೆಕ್ಷನ್ ಆದರೆ ಇಎಫ್ ಕೋರ್ ಅದನ್ನು ಮುಚ್ಚುವುದಿಲ್ಲ.

ಎಕ್ಸ್‌ಯೂನಿಟ್ ಪ್ರತಿ ಟೆಸ್ಟ್ ಮೆಥಡ್‌ಗೂ ಕ್ಲಾಸಿನ ಹೊಸ ಇನ್‌ಸ್ಟನ್ಸ್ ಸೃಷ್ಟಿಸುತ್ತದೆ. ಹಾಗಾಗಿ ಪ್ರತಿ ಟೆಸ್ಟ್‌ಗೂ ತನ್ನದೇ ಕನೆಕ್ಷನ್, ತನ್ನದೇ ಖಾಲಿ ಡೇಟಾಬೇಸ್. ಕ್ಲಾಸ್‌ಗಳು ಸಮಾನಾಂತರವಾಗಿ ಓಡಿದರೂ ಒಂದರ ಡೇಟಾ ಇನ್ನೊಂದಕ್ಕೆ ತಾಗದು. ಎನ್‌ಯೂನಿಟ್ ಬಳಸುವವರು ಗಮನಿಸಿ: ಅಲ್ಲಿ ಸಹಜವಾಗಿ ಒಂದೇ ಇನ್‌ಸ್ಟನ್ಸ್ ಎಲ್ಲ ಟೆಸ್ಟ್‌ಗಳಿಗೂ ಬಳಕೆಯಾಗುತ್ತದೆ. ಈ ಕೆಲಸವನ್ನು ಸೆಟಪ್ ಮತ್ತು ಟಿಯರ್‌ಡೌನ್ ಗುರುತಿನ ಮೆಥಡ್‌ಗಳಲ್ಲಿ ಮಾಡಬೇಕು.

ಒಂದು ಟೆಸ್ಟ್, ಮೂರು ಕಾಂಟೆಕ್ಸ್ಟ್

ಇಡೀ ಕ್ರಮದ ತಿರುಳು ಇಲ್ಲಿದೆ. ಪ್ರತಿ ಟೆಸ್ಟ್‌ನಲ್ಲಿ ಮೂರು ಬೇರೆ ಬೇರೆ ಕಾಂಟೆಕ್ಸ್ಟ್ ಬಳಸಿ: ಡೇಟಾ ತುಂಬಲು ಒಂದು, ಕಂಟ್ರೋಲರ್‌ಗೆ ಒಂದು, ಪರಿಶೀಲನೆಗೆ ಒಂದು. ಮೂರೂ ಒಂದೇ ಕನೆಕ್ಷನ್ ಮೇಲೆ, ಒಂದೇ ಆಪ್ಷನ್ಸ್‌ನಿಂದ ಹುಟ್ಟಿದವು.

ಕಾಂಟೆಕ್ಸ್ಟ್ ತಾನು ಕಂಡ ಪ್ರತಿ ಎಂಟಿಟಿಯನ್ನೂ ಚೇಂಜ್ ಟ್ರ್ಯಾಕರ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಒಂದೇ ಕಾಂಟೆಕ್ಸ್ಟ್ ಬಳಸಿದರೆ ಈ ನೆನಪು ಮೂರು ರೀತಿಯಲ್ಲಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಮೊದಲನೆಯದು ಆರಂಭದಲ್ಲಿ ಹೇಳಿದ್ದು. ಪುಟ್ ಆಕ್ಷನ್ ಶೀರ್ಷಿಕೆ ಬದಲಿಸಿ ಸೇವ್ ಮಾಡಲು ಮರೆತಿದೆ ಎನ್ನಿ. ಅದೇ ಕಾಂಟೆಕ್ಸ್ಟ್‌ನಲ್ಲಿ ಫೈಂಡ್‌ಅಸಿಂಕ್ ಕರೆದರೆ ಅದು ಡೇಟಾಬೇಸ್‌ವರೆಗೆ ಹೋಗುವುದೇ ಇಲ್ಲ. ಟ್ರ್ಯಾಕ್ ಆಗಿರುವ, ಮೆಮೊರಿಯಲ್ಲಿ ಬದಲಾದ ಪುಸ್ತಕವನ್ನೇ ಕೊಡುತ್ತದೆ. ಫೈಂಡ್ ಬದಲು ಕ್ವೆರಿ ಓಡಿಸಿದರೂ ಕೀ ಒಂದೇ ಆಗಿದ್ದರೆ ಮೊದಲೇ ಟ್ರ್ಯಾಕ್ ಆದ ಆಬ್ಜೆಕ್ಟೇ ಕೈಗೆ ಬರುತ್ತದೆ, ಅದರ ಬದಲಾದ ಮೌಲ್ಯಗಳ ಸಮೇತ. ಟೆಸ್ಟ್ ಪಾಸು.

ಎರಡನೆಯದು ಇನ್‌ಕ್ಲೂಡ್ ಮರೆತ ಗೆಟ್ ಆಕ್ಷನ್. ಲೇಖಕರನ್ನೂ ಪುಸ್ತಕವನ್ನೂ ಅದೇ ಕಾಂಟೆಕ್ಸ್ಟ್‌ನಿಂದ ತುಂಬಿದ್ದರೆ ಇಎಫ್ ಕೋರ್ ಅವೆರಡನ್ನೂ ತಾನಾಗಿಯೇ ಜೋಡಿಸಿರುತ್ತದೆ. ಟೆಸ್ಟ್‌ನಲ್ಲಿ ಪುಸ್ತಕದ ಲೇಖಕ ಸಿಗುತ್ತಾರೆ, ಪ್ರೊಡಕ್ಷನ್‌ನಲ್ಲಿ ಆ ಜಾಗ ನಲ್.

ಮೂರನೆಯದು ತಿರುಗುಮುರುಗು: ಕೋಡ್ ಸರಿಯಿದ್ದರೂ ಟೆಸ್ಟ್ ಬೀಳುತ್ತದೆ. ಪುಟ್ ಆಕ್ಷನ್ ತನಗೆ ಬಂದ ಪುಸ್ತಕದ ಎಂಟ್ರಿಯ ಸ್ಟೇಟನ್ನು ಮಾಡಿಫೈಡ್ ಎಂದು ಗುರುತಿಸಿದಾಗ, ಅದೇ ಕೀ ಇರುವ ಇನ್ನೊಂದು ಇನ್‌ಸ್ಟನ್ಸ್ ಈಗಾಗಲೇ ಟ್ರ್ಯಾಕ್ ಆಗಿದೆ ಎಂಬ ಇನ್‌ವ್ಯಾಲಿಡ್‌ಆಪರೇಷನ್‌ಎಕ್ಸೆಪ್ಶನ್ ಬರುತ್ತದೆ. ಇದನ್ನು ಕಂಡವರು ಕಂಟ್ರೋಲರ್ ತಿದ್ದಲು ಹೋಗುತ್ತಾರೆ, ತಿದ್ದಬೇಕಾದದ್ದು ಟೆಸ್ಟ್.

ಇಎಫ್ ಕೋರ್ 5ರಿಂದ ಚೇಂಜ್‌ಟ್ರ್ಯಾಕರ್‌ಗೆ ಕ್ಲಿಯರ್ ಮೆಥಡ್ ಇದೆ. ಹಳೆಯ ಟೆಸ್ಟ್‌ಗಳಲ್ಲಿ ಒಂದೇ ಕಾಂಟೆಕ್ಸ್ಟ್ ಬಳಸಿ ನೂರಾರು ಸಾಲು ಬರೆದಾಗಿದ್ದರೆ, ಹಂತಗಳ ನಡುವೆ ಅದನ್ನು ಕರೆದು ಸದ್ಯಕ್ಕೆ ಸುಧಾರಿಸಬಹುದು. ಹೊಸ ಟೆಸ್ಟ್‌ಗೆ ಮೂರು ಕಾಂಟೆಕ್ಸ್ಟೇ ಸರಿ, ಏಕೆಂದರೆ ಪ್ರೊಡಕ್ಷನ್‌ನಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಸಿಗುವುದು ಹೊಸ ಕಾಂಟೆಕ್ಸ್ಟ್.

ಟೆಸ್ಟ್ ಬರೆದಾದ ಮೇಲೆ ಅದನ್ನು ಪರೀಕ್ಷಿಸಲು ಎರಡು ನಿಮಿಷ ಕೊಡಿ. ಕಂಟ್ರೋಲರ್‌ನಲ್ಲಿ ಸೇವ್ ಸಾಲನ್ನು ಕಾಮೆಂಟ್ ಮಾಡಿ ಓಡಿಸಿ. ಇನ್‌ಕ್ಲೂಡ್ ತೆಗೆದು ಓಡಿಸಿ. ವೇರ್ ಷರತ್ತನ್ನು ತಲೆಕೆಳಗು ಮಾಡಿ ಓಡಿಸಿ. ಪ್ರತಿ ಸಲವೂ ಯಾವುದಾದರೂ ಒಂದು ಟೆಸ್ಟ್ ಕೆಂಪಾಗಬೇಕು.

ಆಕ್ಷನ್‌ಗಳಿಗೆ ಟೆಸ್ಟ್ ಬರೆಯುವುದು

ಗೆಟ್‌ಗೆ ಕನಿಷ್ಠ ಎರಡು ಟೆಸ್ಟ್ ಬೇಕು: ಇರುವ ಐಡಿ, ಇಲ್ಲದ ಐಡಿ. ಇಲ್ಲಿ ಕಾಡುವುದು ಆಕ್ಷನ್‌ರಿಸಲ್ಟ್‌ನ ಜೆನೆರಿಕ್ ರೂಪ. ಆಕ್ಷನ್ ನೇರವಾಗಿ ಪುಸ್ತಕವನ್ನೇ ಹಿಂತಿರುಗಿಸಿದರೆ ಅದು ವ್ಯಾಲ್ಯೂ ಪ್ರಾಪರ್ಟಿಯಲ್ಲಿರುತ್ತದೆ, ರಿಸಲ್ಟ್ ನಲ್. ಓಕೆ ಮೆಥಡ್‌ನಲ್ಲಿ ಸುತ್ತಿ ಹಿಂತಿರುಗಿಸಿದರೆ ತಿರುವು ಮುರುವು: ವ್ಯಾಲ್ಯೂ ನಲ್, ರಿಸಲ್ಟ್‌ನಲ್ಲಿ ಓಕೆಆಬ್ಜೆಕ್ಟ್‌ರಿಸಲ್ಟ್, ಪುಸ್ತಕ ಅದರ ಒಳಗೆ. ಪುಸ್ತಕ ಬಂದೇ ಇಲ್ಲ ಎಂದು ಡೇಟಾಬೇಸ್ ಕಡೆ ಹುಡುಕುವ ಮುನ್ನ ಇದನ್ನು ನೋಡಿ.

ಎಕ್ಸ್‌ಯೂನಿಟ್‌ನ ಅಸರ್ಟ್ ಈಸ್‌ಟೈಪ್ ನಿಖರ ಟೈಪನ್ನೇ ಬಯಸುತ್ತದೆ. ನಾಟ್‌ಫೌಂಡ್ ಎಂದು ಖಾಲಿ ಕರೆದರೆ ನಾಟ್‌ಫೌಂಡ್‌ರಿಸಲ್ಟ್, ಸಂದೇಶ ಸೇರಿಸಿ ಕರೆದರೆ ನಾಟ್‌ಫೌಂಡ್‌ಆಬ್ಜೆಕ್ಟ್‌ರಿಸಲ್ಟ್. ಎರಡೂ 404, ಆದರೆ ಒಂದಕ್ಕೆ ಬರೆದ ಟೆಸ್ಟ್ ಇನ್ನೊಂದಕ್ಕೆ ಬೀಳುತ್ತದೆ.

ಪೋಸ್ಟ್ ಟೆಸ್ಟ್‌ನಲ್ಲಿ ಮೊದಲ ಕಾಂಟೆಕ್ಸ್ಟ್‌ನಿಂದ ಲೇಖಕರನ್ನು ತುಂಬಿ ಸೇವ್ ಮಾಡಿ, ಅವರ ಐಡಿ ತೆಗೆದಿಟ್ಟುಕೊಳ್ಳಿ. ಐಡಿ 1 ಎಂದೇ ಊಹಿಸಿ ಬರೆಯಬೇಡಿ; ನಾಳೆ ಯಾರಾದರೂ ಹ್ಯಾಸ್‌ಡೇಟಾದಲ್ಲಿ ಒಂದು ಸಾಲು ಸೇರಿಸಿದರೆ ಎಲ್ಲ ಟೆಸ್ಟ್‌ಗಳೂ ಬೀಳುತ್ತವೆ. ಎರಡನೇ ಕಾಂಟೆಕ್ಸ್ಟ್‌ನಿಂದ ಕಂಟ್ರೋಲರ್ ಕಟ್ಟಿ ಆಕ್ಷನ್ ಕರೆಯಿರಿ. ಕ್ರಿಯೇಟೆಡ್‌ಅಟ್‌ಆಕ್ಷನ್‌ರಿಸಲ್ಟ್ ಬಂದಿದೆಯೇ, ಅದರ ಆಕ್ಷನ್‌ನೇಮ್ ಮತ್ತು ರೂಟ್‌ವ್ಯಾಲ್ಯೂಸ್‌ನಲ್ಲಿರುವ ಐಡಿ ಸರಿಯೇ ನೋಡಿ. ಮೂರನೇ ಕಾಂಟೆಕ್ಸ್ಟ್‌ನಲ್ಲಿ ಸಿಂಗಲ್‌ಅಸಿಂಕ್‌ನಿಂದ ಪುಸ್ತಕ ಓದಿ ಶೀರ್ಷಿಕೆ, ಐಎಸ್‌ಬಿಎನ್, ಲೇಖಕರ ಐಡಿ ಹೋಲಿಸಿ. ಸಿಂಗಲ್ ಬಳಸಿದರೆ ಒಂದೇ ಸಾಲು ಸೇರಿದೆ ಎಂಬುದೂ ಖಾತ್ರಿಯಾಗುತ್ತದೆ.

ಈಗಾಗಲೇ ಇರುವ ಐಎಸ್‌ಬಿಎನ್ ಮತ್ತೆ ಬಂದರೆ 409 ಕೊಡುವ ದಾರಿ ಇನ್ನೂ ಸೂಕ್ಷ್ಮ. ಕಂಟ್ರೋಲರ್ ಮೊದಲು ಎನಿಅಸಿಂಕ್‌ನಿಂದ ಪರಿಶೀಲಿಸಿದರೆ ಟೆಸ್ಟ್ ಸುಲಭ, ಆದರೆ ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಆ ಪರಿಶೀಲನೆಯನ್ನು ಎರಡೂ ದಾಟಬಹುದು. ಕೊನೆಗೆ ಕಾಯುವುದು ಯೂನಿಕ್ ಇಂಡೆಕ್ಸೇ. ಆದ್ದರಿಂದ ಡಿಬಿಅಪ್‌ಡೇಟ್‌ಎಕ್ಸೆಪ್ಶನ್ ಹಿಡಿಯುವ ಕೋಡ್ ಬೇಕು. ಅದರೊಳಗಿನ ಎಕ್ಸೆಪ್ಶನ್ ಪ್ರೊವೈಡರ್‌ಗೆ ತಕ್ಕಂತೆ ಬದಲಾಗುತ್ತದೆ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ದೋಷ ಸಂಖ್ಯೆ 2601 ಅಥವಾ 2627, ಪೋಸ್ಟ್‌ಗ್ರೆಸ್‌ನಲ್ಲಿ 23505, ಎಸ್‌ಕ್ಯೂಲೈಟ್‌ನಲ್ಲಿ 19, ವಿಸ್ತೃತ ಸಂಖ್ಯೆ 2067. ಕಂಟ್ರೋಲರ್‌ನಲ್ಲೇ 2601 ಎಂದು ಹೋಲಿಸಿದ್ದರೆ ಎಸ್‌ಕ್ಯೂಲೈಟ್ ಮೇಲೆ ಆ ದಾರಿ ಎಂದೂ ತೆರೆಯದು. ಈ ಗುರುತಿಸುವ ಕೆಲಸವನ್ನು ಒಂದು ಚಿಕ್ಕ ಇಂಟರ್‌ಫೇಸ್‌ಗೆ ಸಾಗಿಸಿ, ಟೆಸ್ಟ್‌ನಲ್ಲಿ ಎಸ್‌ಕ್ಯೂಲೈಟ್‌ಗೆ ತಕ್ಕ ಅನುಷ್ಠಾನ ಕೊಡಿ.

ಪುಟ್ ಆಕ್ಷನ್‌ಗೆ ಮೂರು ಟೆಸ್ಟ್: ಯುಆರ್‌ಎಲ್‌ನಲ್ಲಿರುವ ಐಡಿ ಮತ್ತು ರಿಕ್ವೆಸ್ಟ್ ಬಾಡಿಯ ಐಡಿ ಬೇರೆಯಾದರೆ 400, ಯಶಸ್ಸಿಗೆ 204, ಇಲ್ಲದ ಪುಸ್ತಕಕ್ಕೆ 404. ಸ್ಕ್ಯಾಫೋಲ್ಡ್ ಆದ ಕಂಟ್ರೋಲರ್‌ನಲ್ಲಿ ಕೊನೆಯದು ಡಿಬಿಅಪ್‌ಡೇಟ್‌ಕನ್‌ಕರೆನ್ಸಿಎಕ್ಸೆಪ್ಶನ್ ಮೂಲಕ ನಡೆಯುತ್ತದೆ. ಒಂದು ಸಾಲು ಬದಲಾಗಬೇಕಿತ್ತು, ಸೊನ್ನೆ ಬದಲಾಯಿತು ಎಂಬುದು ಅದರ ಅರ್ಥ. ಎಸ್‌ಕ್ಯೂಲೈಟ್‌ನಲ್ಲಿ ಇದು ಸಹಜವಾಗಿಯೇ ಬರುತ್ತದೆ, ಏನನ್ನೂ ಕೃತಕವಾಗಿ ಎಸೆಯಬೇಕಿಲ್ಲ.

ಡೇಟಾಬೇಸ್ ಕೈಕೊಟ್ಟಾಗ ಕಂಟ್ರೋಲರ್ ಏನು ಮಾಡುತ್ತದೆಂದು ನೋಡಬೇಕಾದರೆ ಸೇವ್‌ಚೇಂಜಸ್‌ಇಂಟರ್‌ಸೆಪ್ಟರ್‌ನಿಂದ ಒಂದು ಕ್ಲಾಸ್ ಬರೆದು, ಅದರ ಸೇವಿಂಗ್‌ಚೇಂಜಸ್‌ಅಸಿಂಕ್‌ನಲ್ಲಿ ಡಿಬಿಅಪ್‌ಡೇಟ್‌ಎಕ್ಸೆಪ್ಶನ್ ಎಸೆಯಿರಿ. ಅದನ್ನು ಎರಡನೇ ಕಾಂಟೆಕ್ಸ್ಟ್‌ನ ಆಪ್ಷನ್ಸ್‌ಗೆ ಮಾತ್ರ ಆಡ್‌ಇಂಟರ್‌ಸೆಪ್ಟರ್ಸ್ ಮೂಲಕ ಸೇರಿಸಿ.

ಬಳಕೆದಾರ, ಯುಆರ್‌ಎಲ್, ಮಾಡೆಲ್‌ಸ್ಟೇಟ್

ಯೂನಿಟ್ ಟೆಸ್ಟ್‌ನಲ್ಲಿ ನೀವು ಕಂಟ್ರೋಲರ್ ಮೆಥಡ್ ನೇರವಾಗಿ ಕರೆಯುತ್ತೀರಿ. ಹಿಂದೆ ವೆಬ್ ರಿಕ್ವೆಸ್ಟ್ ಇಲ್ಲ. ಯೂಸರ್ ಪ್ರಾಪರ್ಟಿ ಓದುವ ಆಕ್ಷನ್ ಆದರೆ ಕಂಟ್ರೋಲರ್‌ಕಾಂಟೆಕ್ಸ್ಟ್‌ಗೆ ಡೀಫಾಲ್ಟ್‌ಎಚ್‌ಟಿಟಿಪಿಕಾಂಟೆಕ್ಸ್ಟ್ ಕೊಟ್ಟು, ಅದರ ಯೂಸರ್‌ನಲ್ಲಿ ಕ್ಲೇಮ್ಸ್‌ಪ್ರಿನ್ಸಿಪಲ್ ಇಡಿ. ಕ್ಲೇಮ್ಸ್‌ಐಡೆಂಟಿಟಿ ಕಟ್ಟುವಾಗ ಎರಡನೇ ಆರ್ಗ್ಯುಮೆಂಟ್ ಆಗಿ ಅಥೆಂಟಿಕೇಶನ್ ಟೈಪ್‌ನ ಹೆಸರು, ಯಾವ ಸ್ಟ್ರಿಂಗ್ ಆದರೂ ಸರಿ, ಕೊಡಲೇಬೇಕು. ಕೊಡದಿದ್ದರೆ ಕ್ಲೇಮ್‌ಗಳೆಲ್ಲ ಇದ್ದರೂ ಈಸ್‌ಅಥೆಂಟಿಕೇಟೆಡ್ ಫಾಲ್ಸ್ ಆಗಿಯೇ ಉಳಿಯುತ್ತದೆ. ಯುಆರ್‌ಎಲ್ ಹೆಲ್ಪರ್ ನಲ್ ಆಗಿರುವುದರಿಂದ ಯುಆರ್‌ಎಲ್ ಆಕ್ಷನ್ ಕರೆದರೆ ನಲ್‌ರೆಫರೆನ್ಸ್‌ಎಕ್ಸೆಪ್ಶನ್. ಐಯುಆರ್‌ಎಲ್‌ಹೆಲ್ಪರ್‌ನ ಮಾಕ್ ಕೊಡಿ. ಆಕ್ಷನ್ ಸಮಯ ನೋಡುತ್ತಿದ್ದರೆ ಡೇಟ್‌ಟೈಮ್ ನೌ ಬದಲು ಡಾಟ್‌ನೆಟ್ 8ರಲ್ಲಿ ಬಂದ ಟೈಮ್‌ಪ್ರೊವೈಡರ್ ಕನ್‌ಸ್ಟ್ರಕ್ಟರ್‌ನಲ್ಲಿ ತೆಗೆದುಕೊಳ್ಳಿ.

ವ್ಯಾಲಿಡೇಶನ್ ಕೂಡ ಓಡುವುದಿಲ್ಲ. ಶೀರ್ಷಿಕೆ ಖಾಲಿ ಬಿಟ್ಟು ಪೋಸ್ಟ್ ಕರೆದು 400 ನಿರೀಕ್ಷಿಸುವುದು ವ್ಯರ್ಥ. ಆಕ್ಷನ್ ಒಳಗೆ ಮಾಡೆಲ್‌ಸ್ಟೇಟ್ (ವ್ಯಾಲಿಡೇಶನ್‌ನ ಫಲಿತಾಂಶ) ಪರಿಶೀಲನೆ ಇದ್ದರೆ ಟೆಸ್ಟ್‌ನಲ್ಲಿ ಆಡ್‌ಮಾಡೆಲ್‌ಎರರ್ ಕರೆದು ಆ ದಾರಿಗೆ ಹೋಗಬಹುದು. ಎಪಿಐಕಂಟ್ರೋಲರ್ ಆಟ್ರಿಬ್ಯೂಟ್ ತಾನಾಗಿ ಕೊಡುವ 400 ಮಾತ್ರ ಯೂನಿಟ್ ಟೆಸ್ಟ್‌ಗೆ ಸಿಗದು.

ಎಸ್‌ಕ್ಯೂಲೈಟ್ ಎಲ್ಲಿ ಒಗ್ಗುವುದಿಲ್ಲ

ಪ್ರೊಡಕ್ಷನ್‌ನಲ್ಲಿ ಎಸ್‌ಕ್ಯೂಎಲ್ ಸರ್ವರ್ ಇದ್ದರೆ ಈ ವ್ಯತ್ಯಾಸಗಳು ಬೇಗನೆ ಎದುರಾಗುತ್ತವೆ. ಕಾಲಂ ಟೈಪನ್ನು ಎನ್‌ವಾರ್‌ಚಾರ್ ಮ್ಯಾಕ್ಸ್ ಎಂದು ಕೈಯಾರೆ ಬರೆದಿದ್ದರೆ ಎನ್‌ಶೂರ್‌ಕ್ರಿಯೇಟೆಡ್ ಹಂತದಲ್ಲೇ ಮ್ಯಾಕ್ಸ್ ಬಳಿ ಸಿಂಟ್ಯಾಕ್ಸ್ ದೋಷ ಬರುತ್ತದೆ. ರೋವರ್ಶನ್ ಕಾಲಂ ಅನ್ನು ಎಸ್‌ಕ್ಯೂಲೈಟ್ ತಾನಾಗಿ ತುಂಬದ ಕಾರಣ ನಾಟ್ ನಲ್ ದೋಷ ಬರುತ್ತದೆ. ಡೇಟ್‌ಟೈಮ್‌ಆಫ್‌ಸೆಟ್ ಪ್ರಕಾರ ಆರ್ಡರ್‌ಬೈ ಮಾಡಿದರೆ ನಾಟ್‌ಸಪೋರ್ಟೆಡ್‌ಎಕ್ಸೆಪ್ಶನ್. ಎಸ್‌ಕ್ಯೂಎಲ್ ಸರ್ವರ್‌ಗೆ ಮಾತ್ರ ಗೊತ್ತಿರುವ ಫಂಕ್ಷನ್ ಇಟ್ಟು ಬರೆದ ಡೀಫಾಲ್ಟ್ ಮೌಲ್ಯಗಳೂ ನಡೆಯವು.

ಇವೆಲ್ಲ ಕಣ್ಣಿಗೆ ರಾಚುವ ದೋಷಗಳು. ಆನ್‌ಮಾಡೆಲ್‌ಕ್ರಿಯೇಟಿಂಗ್‌ನಲ್ಲಿ ಪ್ರೊವೈಡರ್ ಯಾವುದೆಂದು ನೋಡಿ ಆ ಸಾಲುಗಳನ್ನು ಬೇರೆಯಾಗಿಸಬಹುದು, ಆದರೆ ಅಂಥ ಇಫ್‌ಗಳು ಮೂರು ನಾಲ್ಕಕ್ಕಿಂತ ಹೆಚ್ಚಾದರೆ ನೀವು ಪರೀಕ್ಷಿಸುತ್ತಿರುವುದು ನಿಮ್ಮ ಮಾಡೆಲನ್ನೇ ಅಲ್ಲ. ಸದ್ದಿಲ್ಲದೆ ನುಸುಳುವ ವ್ಯತ್ಯಾಸಗಳು ಇನ್ನೂ ಅಪಾಯಕಾರಿ. ಎಸ್‌ಕ್ಯೂಲೈಟ್‌ನಲ್ಲಿ ಸಮಾನತೆಯ ಹೋಲಿಕೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಎಂದೇ ನೋಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಸಾಮಾನ್ಯ ಕೊಲೇಶನ್ (ಪಠ್ಯ ಹೋಲಿಸುವ ನಿಯಮ) ಎರಡನ್ನೂ ಒಂದೇ ಎನ್ನುತ್ತದೆ. 50 ಅಕ್ಷರದ ಮಿತಿಯಿರುವ ಕಾಲಂಗೆ 80 ಅಕ್ಷರ ಕೊಟ್ಟರೂ ಎಸ್‌ಕ್ಯೂಲೈಟ್ ಸೇರಿಸಿಕೊಳ್ಳುತ್ತದೆ. ಹುಡುಕಾಟದ ಆಕ್ಷನ್, ಉದ್ದದ ಮಿತಿ, ಕಚ್ಚಾ ಎಸ್‌ಕ್ಯೂಎಲ್ ಇರುವ ಆಕ್ಷನ್‌ಗಳಿಗೆ ಡಾಕರ್‌ನಲ್ಲಿ ನಿಜವಾದ ಡೇಟಾಬೇಸ್ ಎಬ್ಬಿಸುವ ಟೆಸ್ಟ್‌ಕಂಟೇನರ್ಸ್ ಬಳಸಿ. ಕಂಟೇನರ್ ಏಳಲು ಸಮಯ ಹಿಡಿಯುವುದರಿಂದ ಅದನ್ನು ಕಲೆಕ್ಷನ್ ಫಿಕ್ಸ್ಚರ್‌ನಲ್ಲಿ ಒಮ್ಮೆ ಮಾತ್ರ ಎಬ್ಬಿಸಿ, ಟೆಸ್ಟ್‌ಗಳ ನಡುವೆ ಟೇಬಲ್‌ಗಳನ್ನು ಖಾಲಿ ಮಾಡಿ.

ಯೂನಿಟ್ ಟೆಸ್ಟ್‌ಗೆ ಕಾಣದ ದೋಷಗಳು

ಎಲ್ಲ ಟೆಸ್ಟ್ ಪಾಸಾಗಿಯೂ ಪೋಸ್ಟ್ ರಿಕ್ವೆಸ್ಟ್ 500 ಕೊಡುವ ಒಂದು ಉದಾಹರಣೆ ನೋಡಿ. ಎಎಸ್‌ಪಿ ಡಾಟ್‌ನೆಟ್ ಕೋರ್ 3.0ರಿಂದ ಆಕ್ಷನ್ ಹೆಸರಿನ ಕೊನೆಯ ಅಸಿಂಕ್ ಪದವನ್ನು ಫ್ರೇಮ್‌ವರ್ಕ್ ತೆಗೆದುಹಾಕುತ್ತದೆ. ಗೆಟ್‌ಬುಕ್‌ಅಸಿಂಕ್ ಎಂಬ ಮೆಥಡ್ ಹೆಸರನ್ನು ನೇಮ್‌ಆಫ್ ಮೂಲಕ ಕ್ರಿಯೇಟೆಡ್‌ಅಟ್‌ಆಕ್ಷನ್‌ಗೆ ಕೊಟ್ಟರೆ ಯಾವ ರೂಟೂ ಹೊಂದದೆ ರಿಕ್ವೆಸ್ಟ್ ಬೀಳುತ್ತದೆ, ಅದೂ ಪುಸ್ತಕ ಸೇವ್ ಆದ ಮೇಲೆ. ಯೂನಿಟ್ ಟೆಸ್ಟ್‌ನಲ್ಲಿ ಯುಆರ್‌ಎಲ್ ಕಟ್ಟುವ ಹಂತವೇ ಬರುವುದಿಲ್ಲ, ಹಾಗಾಗಿ ಇದು ಕಾಣದು. ಪುಸ್ತಕದಲ್ಲಿ ಲೇಖಕ, ಲೇಖಕರಲ್ಲಿ ಮತ್ತೆ ಪುಸ್ತಕಗಳು ಎಂಬ ಸುತ್ತಿನಿಂದ ಜೇಸನ್ ಮಾಡುವಾಗ ಬರುವ ಎಕ್ಸೆಪ್ಶನ್, ಮರೆತುಹೋದ ಆಥರೈಸ್ ಆಟ್ರಿಬ್ಯೂಟ್, ರಿಜಿಸ್ಟರ್ ಮಾಡದ ಸರ್ವಿಸ್ ಇವೂ ಹಾಗೆಯೇ.

ಪ್ರತಿ ಕಂಟ್ರೋಲರ್‌ಗೆ ಎರಡು ಮೂರು ಟೆಸ್ಟ್‌ಗಳನ್ನಾದರೂ ಇಡೀ ಅಪ್ಲಿಕೇಶನನ್ನು ಟೆಸ್ಟ್ ಒಳಗೇ ಓಡಿಸುವ ವೆಬ್‌ಅಪ್ಲಿಕೇಶನ್‌ಫ್ಯಾಕ್ಟರಿ ಮೂಲಕ ಬರೆಯಿರಿ. ಅದು ಎಂವಿಸಿ ಟೆಸ್ಟಿಂಗ್ ಪ್ಯಾಕೇಜ್‌ನಲ್ಲಿದೆ. ಕಾನ್ಫಿಗರ್‌ವೆಬ್‌ಹೋಸ್ಟ್‌ನಲ್ಲಿ ಮೊದಲಿನ ಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್ ನೋಂದಣಿ ತೆಗೆದು, ತೆರೆದಿಟ್ಟ ಎಸ್‌ಕ್ಯೂಲೈಟ್ ಕನೆಕ್ಷನ್ ಮೇಲೆ ಆಡ್‌ಡಿಬಿಕಾಂಟೆಕ್ಸ್ಟ್ ಮತ್ತೆ ಕರೆಯಿರಿ. ಇಎಫ್ ಕೋರ್ 9ರಲ್ಲಿ ಇಷ್ಟು ಸಾಲದು: ಐಡಿಬಿಕಾಂಟೆಕ್ಸ್ಟ್‌ಆಪ್ಷನ್ಸ್‌ಕಾನ್ಫಿಗರೇಶನ್ ಎಂಬ ನೋಂದಣಿಯನ್ನೂ ತೆಗೆಯಬೇಕು. ಇಲ್ಲದಿದ್ದರೆ ಹಳೆಯ ಎಸ್‌ಕ್ಯೂಎಲ್ ಸರ್ವರ್ ಸಂರಚನೆ ಉಳಿದು, ಎರಡು ಪ್ರೊವೈಡರ್ ಇವೆ ಎಂಬ ಅದೇ ಎಕ್ಸೆಪ್ಶನ್ ಬರುತ್ತದೆ. ಇಎಫ್ ಕೋರ್ 8ರಿಂದ ಮೇಲೇರಿಸಿದ ದಿನ ಈ ಟೆಸ್ಟ್‌ಗಳೆಲ್ಲ ಒಟ್ಟಿಗೆ ಬಿದ್ದರೆ ಮೊದಲು ನೋಡಬೇಕಾದ ಜಾಗ ಅದು.